ಕಾರಣದಮ್ಮನ ಕಿಟಕಿ

ಹನ್ನೊಂದು ಜನರ ಎದುರು ಕಾರಣದಮ್ಮ ನನ್ನ ಎರಡು ಟಿಕೆಟ್ಟುಗಳನ್ನು ಸತ್ತ ಜಿರಲೆ ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಕಿಟಕಿಯಿಂದ ಆಚೆ ತಳ್ಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಹನ್ನೊಂದು ಜನ ಎಂದು ಹೇಗೆ ಗೊತ್ತು ಎಂದರೆ, ಎಣಿಸಿದೆ. ಅವಮಾನವಾದಾಗ ನೋಡಿದವರು ಎಷ್ಟು ಎಂದು ಎಣಿಸಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಮರುದಿನ ಅದೇ ಆಯಮ್ಮ ನನಗೆ ಏನು ಉಪಕಾರ ಮಾಡಿದರು ಎಂಬುದು ಬೇರೆ ಮಾತು, ಅದನ್ನೂ ಹೇಳುತ್ತೇನೆ. ಉಪಕಾರ ಮಾಡಿದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾಳೆ ನನ್ನ ಹೆಂಡತಿ. ಯಾಕೆ ಇಟ್ಟುಕೊಳ್ಳಬಾರದು? ನನ್ನ ಹೊಟ್ಟೆಯಲ್ಲಿ ಎರಡಕ್ಕೂ ಜಾಗ ಇದೆ.

ನಾನು ಫುಟ್‌ಬಾಲ್ ಸ್ಟೇಡಿಯಮ್ಮಿನ ನಾಲ್ಕನೇ ಗೇಟಿನವನು. ಜನ ಟಿಕೆಟ್ ಚಾಚುತ್ತಾರೆ, ನಾನು ಮೂಲೆ ಹರಿಯುತ್ತೇನೆ, ಅವರು ಒಳಗೆ ಹೋಗುತ್ತಾರೆ. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ. ಕೈಗೆ ಬಂದ ಕಾಗದವನ್ನು ಹರಿದರೆ ಸಂಬಳ ಕೊಡುತ್ತಾರೆ, ಇನ್ನೇನು ಬೇಕು? ಒಂದು ಬದಿ ಆಟದ ವಿವರ, ಒಂದು ಬದಿ ಸೀಟಿನ ನಂಬರು, ಮೂಲೆಯಲ್ಲಿ ಹರಿಯಲೆಂದೇ ಚುಕ್ಕಿ ಗೆರೆ. ನಾನು ಎಡಗೈಯವನು. ಹಾಗಾಗಿ ನಾನು ಹರಿದದ್ದು ಗೆರೆ ಬಿಟ್ಟು ಸ್ವಲ್ಪ ಓರೆಯಾಗಿ ಹೋಗುತ್ತದೆ. ಇದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಆಯಮ್ಮ ವಾಪಸಾತಿ ಕಿಟಕಿಯವರು. ಟಿಕೆಟ್ ಕೊಂಡು ಆಟಕ್ಕೆ ಬರಲಾಗದವರು ಹಿಂದಿನ ದಿನ ಸಂಜೆ ಆರರೊಳಗೆ ಅಲ್ಲಿಗೆ ಬಂದರೆ ದುಡ್ಡು ವಾಪಸ್ಸು, ಇಲ್ಲವೇ ಬೇರೆ ಆಟಕ್ಕೋ ಬೇರೆ ಸೀಟಿಗೋ ಬದಲಿ. ಅದಕ್ಕೊಂದು ದಪ್ಪ ಪುಸ್ತಕ ಇತ್ತು. ಅದರಲ್ಲಿ ಸೀಟು, ತಾರೀಖು, ಸಹಿ, ಕೊನೆಗೆ ‘ಕಾರಣ’ ಎಂದು ಒಂದು ಕಾಲಂ. ಬೇರೆ ಯಾವ ಗುಮಾಸ್ತರಾಗಿದ್ದರೂ ಅಲ್ಲಿ ‘ವೈಯಕ್ತಿಕ’ ಎಂದು ಗೀಚಿ ಕೈ ತೊಳೆದುಕೊಳ್ಳುತ್ತಿದ್ದರು. ಈಕೆ ಹಾಗಲ್ಲ. ಕಾಲಂ ಇದೆ ಎಂದ ಮೇಲೆ ತುಂಬಬೇಕು. ಪೆನ್ನಿನ ಮುಚ್ಚಳ ತೆಗೆದು, ಕನ್ನಡಕ ಏರಿಸಿ, “ಹೇಳಿ, ಯಾಕೆ ಬರೋಕಾಗಲ್ಲ?” ಎಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದರು. ನಮ್ಮಲ್ಲಿ ಎಲ್ಲರೂ ಆಕೆಯನ್ನು ಕಾರಣದಮ್ಮ ಎನ್ನುತ್ತಿದ್ದದ್ದು ಅದಕ್ಕೇ.

ಆ ಪುಸ್ತಕ ಓದಲು ನನಗೆ ಬಲು ಇಷ್ಟವಿತ್ತು. ‘ಮಾವನಿಗೆ ಹಲ್ಲು ಕಟ್ಟಿಸುವ ದಿನ.’ ‘ಹೊಸ ಸೋಫಾ ಬರುತ್ತದೆ, ಬಾಗಿಲು ತೆರೆಯಲು ಮನೆಯಲ್ಲಿ ಯಾರಾದರೂ ಇರಬೇಕು.’ ‘ಹೆಂಡತಿಗೂ ಅವಳ ತಂಗಿಗೂ ಮಾತು ಬಿಟ್ಟಿದೆ, ಸೀಟು ಅಕ್ಕಪಕ್ಕ.’ ಆಕೆಗೆ ನಂಬಿಕೆ ಬಂದರೆ ಹೀಗೆ ನೆಟ್ಟಗೆ ಬರೆಯುತ್ತಿದ್ದರು. ಬರದಿದ್ದರೆ ಕೊನೆಗೆ ‘ಎಂದು ಹೇಳಿದರು’ ಎಂದು ಸೇರಿಸುತ್ತಿದ್ದರು. ಟಿಕೆಟ್ ಸರಿಯಿದ್ದರೆ ಸುಳ್ಳು ಹೇಳಿದವರಿಗೂ ಬದಲಿ ಕೊಡುತ್ತಿದ್ದರು, ಅದರಲ್ಲಿ ತಕರಾರಿಲ್ಲ. ಆದರೆ ಆ ಎರಡು ಪದ ಪುಸ್ತಕದಲ್ಲಿ ಉಳಿದುಬಿಡುತ್ತಿತ್ತು. ಸೈಕಲ್ ಅಂಗಡಿಯವನೊಬ್ಬ ಅಜ್ಜಿ ತೀರಿಕೊಂಡರು ಎಂದು ಬಂದಿದ್ದ. ಕಾರಣದಮ್ಮ ಪುಟ ಹಿಂದಕ್ಕೆ ತಿರುವಿದರು.

“ಮಾರ್ಚಲ್ಲೂ ತೀರ್ಕೊಂಡಿದ್ರಲ್ಲ.”

“ಅದು ತಾಯಿ ಕಡೆ ಅಜ್ಜಿ ಮೇಡಂ.”

“ಹೌದು, ಬರ್ದಿದೀನಿ. ಮಾರ್ಚಲ್ಲಿ ತಾಯಿ ಕಡೆ, ಜೂನಲ್ಲಿ ತಂದೆ ಕಡೆ. ಇವರು ಯಾರ ಕಡೆ?”

ಅವನು, “ಹೆಂಡ್ತಿ ಕಡೆ ಅಂತ ಹಾಕೊಳ್ಳಿ” ಎಂದ. ಹಾಕಿಕೊಂಡರು. ಕೊನೆಗೆ ‘ಎಂದು ಹೇಳಿದರು’.

ಆಕೆಯ ಕೋಣೆ ಮೇಲಿನ ಗ್ಯಾಲರಿಯ ಕೆಳಗಿತ್ತು. ಮೈದಾನ ರಸ್ತೆಗಿಂತ ಎತ್ತರ. ಹಾಗಾಗಿ ರಸ್ತೆ ಕಡೆಯಿಂದ ನೋಡಿದರೆ ಅದು ಸರಿಯಾದ ಕೋಣೆ, ಮೈದಾನದ ಕಡೆಯಿಂದ ನೋಡಿದರೆ ನೆಲಮಾಳಿಗೆ. ಒಳಗೆ ಒಂದು ಎತ್ತರದ ಸ್ಟೂಲು, ಒಂದು ಕಬ್ಬಿಣದ ಬೀರು, ಹರಿದ ಮೂಲೆಗಳನ್ನು ತುಂಬಿಟ್ಟ ದೊಡ್ಡ ತಗಡಿನ ಡಬ್ಬ, ಟೀ ಕಾಯಿಸುವ ಕೆಟಲು. ಹಿಂದಿನ ಗೋಡೆಯಲ್ಲಿ ಗೇಣುದ್ದದ ಗಾಳಿಕಿಂಡಿ. ಅದು ತೆರೆಯುವುದು ಸೀದಾ ಗೋಲಿನ ಹಿಂದೆ, ಹುಲ್ಲಿನ ಮಟ್ಟಕ್ಕೆ. ಕಾರಣದಮ್ಮ ಅದಕ್ಕೆ ರಟ್ಟು ಹೊಡೆದು ಮುಚ್ಚಿದ್ದರು. ಮೂವತ್ತು ವರ್ಷ ಆಟದ ಕೆಳಗೇ ಕೂತು ಒಂದು ಆಟವನ್ನೂ ನೋಡಿದವರಲ್ಲ. ಯಾಕಮ್ಮಾ ಎಂದರೆ, “ಒಂದು ಕಣ್ಣು ಅಲ್ಲಿ ಒಂದು ಕಣ್ಣು ಇಲ್ಲಿ ಇಟ್ರೆ ಎರಡೂ ಕಡೆ ತಪ್ಪಾಗುತ್ತೆ” ಎನ್ನುತ್ತಿದ್ದರು. ಆದರೆ ತಲೆಯ ಮೇಲೆ ಜನ ಕಾಲು ಬಡಿಯುವ ಸದ್ದಿನಿಂದಲೇ ಗೋಲು ಯಾರದು, ತಪ್ಪಿದ್ದು ಯಾರಿಗೆ ಎಂದು ಕರಾರುವಾಕ್ಕಾಗಿ ಹೇಳುತ್ತಿದ್ದರು. ಚಾವಣಿಯ ಸುಣ್ಣ ಉದುರಿ ಟೀಗೆ ಬಿದ್ದರೆ ಅದು ನಮ್ಮವರ ಗೋಲು.

ಈಗ ನನ್ನ ಅಣ್ಣನ ವಿಷಯ. ಅಣ್ಣ ಮನೆಗಳಿಗೆ ಬಣ್ಣ ಹೊಡೆಯುವವನು. ಅವನಿಗೆ ಒಬ್ಬಳೇ ಮಗಳು. ಆ ಹುಡುಗಿ ಆರು ವರ್ಷದವಳಿದ್ದಾಗಿನಿಂದ ಅಣ್ಣ ಕೆಲಸ ಮುಗಿಸಿ ಬಂದು, ಬಣ್ಣ ಒರೆಸುವ ಬಟ್ಟೆಗಳನ್ನು ಉಂಡೆ ಕಟ್ಟಿ, ಅಂಗಳದಲ್ಲಿ ಎರಡು ಬಣ್ಣದ ಡಬ್ಬಿಗಳ ನಡುವೆ ಅವಳನ್ನು ನಿಲ್ಲಿಸಿ ಎಸೆಯುತ್ತಿದ್ದ. ಅವಳು ಹಾರಿ ಹಾರಿ ಹಿಡಿಯುತ್ತಿದ್ದಳು. ಶಾಲೆಗೆ ಹೋಗುವಾಗ ಕಿವಿಯ ಹಿಂದೆ ಯಾವಾಗಲೂ ಯಾರದೋ ಮನೆಯ ಗೋಡೆಯ ಬಣ್ಣ. ಬೆಳೆದು ಊರಿನ ಹೆಣ್ಣುಮಕ್ಕಳ ತಂಡದ ಗೋಲ್‌ಕೀಪರ್ ಆದಳು. ಗಂಡಸರ ತಂಡ ಹನ್ನೆರಡು ವರ್ಷ ಸೋತು ಸೋತು ನಮಗೆಲ್ಲ ಅದು ಒಗ್ಗಿಹೋಗಿತ್ತು. ಹೆಣ್ಣುಮಕ್ಕಳು ನೋಡಿದರೆ ಆ ವರ್ಷ ಸೆಮಿಫೈನಲ್ಲಿಗೆ ಬಂದುಬಿಟ್ಟರು. ಶನಿವಾರ ನಾಲ್ಕು ಗಂಟೆಗೆ, ದೊಡ್ಡ ಮೈದಾನದಲ್ಲಿ. ಅಣ್ಣ ಅವಳು ಆಡುವುದನ್ನು ಅಂಗಳ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಶನಿವಾರ ಯಾವಾಗಲೂ ಯಾವುದೋ ಗೋಡೆ ಇರುತ್ತಿತ್ತು. ಈ ಸಲ ಮಾತ್ರ, “ಯಾರ ಗೋಡೆನಾದ್ರೂ ಬಿದ್ದು ಹೋಗ್ಲಿ, ನಾನು ಬರ್ತೀನಿ” ಎಂದಿದ್ದ.

ಆಟಗಾರ್ತಿಗೆ ಒಂದೇ ಪಾಸು, ಅದು ಅತ್ತಿಗೆಗೆ ಹೋಯಿತು. ನನಗೂ ಅಣ್ಣನಿಗೂ ಸೋಮವಾರ ನಾನೇ ಸಾಲಿನಲ್ಲಿ ನಿಂತು ಮೇಲಿನ ಗ್ಯಾಲರಿಯ ಎರಡು ಟಿಕೆಟ್ ಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ರಜಾ ಹಾಕಿದ್ದೆ, ಮೊದಲ ಸಲ ದುಡ್ಡು ಕೊಟ್ಟು ಟಿಕೆಟ್ ಕೊಳ್ಳುತ್ತಿದ್ದೆ. ಕಿಟಕಿಯವನು ಟಿಕೆಟ್ ಚಾಚಿದ. ನಾನು ತೆಗೆದುಕೊಂಡು ಎರಡರ ಮೂಲೆಯನ್ನೂ ಚರ್ರೆಂದು ಹರಿದು, ಉಳಿದದ್ದನ್ನು ಅವನ ಕೈಗೇ ವಾಪಸ್ ಕೊಟ್ಟು, “ಎಡಕ್ಕೆ ಹೋಗಿ” ಎಂದೆ.

ಸಾಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ಹೋಗಲಿ ಬಿಡು, ಶನಿವಾರ ನನ್ನ ಗೇಟಿನಲ್ಲಿ ನಿಲ್ಲುವವನು ನನ್ನ ಶಿಷ್ಯನೇ, ಹರಿದಿದ್ದರೂ ಬಿಡುತ್ತಾನೆ ಎಂದುಕೊಂಡೆ.

ಗುರುವಾರ ಅಣ್ಣ ಏಣಿಯಿಂದ ಬಿದ್ದ. ತೊಡೆಯ ತನಕ ಪ್ಲಾಸ್ಟರ್. ಮೇಲಿನ ಗ್ಯಾಲರಿಗೆ ಅರವತ್ತೆರಡು ಮೆಟ್ಟಿಲು, ಅಣ್ಣ ತೊಂಬತ್ತು ಕೆ.ಜಿ. ಆಸ್ಪತ್ರೆಯಲ್ಲಿ ಅವನು ಕೇಳಿದ ಮೊದಲ ಮಾತು, “ಕೆಳಗಿನ ಸೀಟು ಸಿಗುತ್ತೇನೋ?” ಟಿಕೆಟ್ಟೆಲ್ಲ ಮಾರಿ ಮುಗಿದಿತ್ತು. ಸಿಕ್ಕಿದರೆ ವಾಪಸಾತಿ ಕಿಟಕಿಯಲ್ಲೇ ಸಿಗಬೇಕು. ಶುಕ್ರವಾರ ಸಂಜೆ ನಾಲ್ಕಕ್ಕೆ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಮುಂದಿದ್ದ ಔಷಧಿ ಅಂಗಡಿಯವರು ಕೆಳಗಿನ ಗ್ಯಾಲರಿಯ, ಎರಡನೇ ಸಾಲಿನ ಎರಡು ಸೀಟು ವಾಪಸ್ ಕೊಟ್ಟರು. ದೇವರಿದ್ದಾನೆ ಎಂದುಕೊಂಡು, ಅಣ್ಣನ ಕಾಲಿನ ವಿಷಯ ಹೇಳಿ ನನ್ನ ಟಿಕೆಟ್ ಒಳಗೆ ತಳ್ಳಿದೆ.

ಕಾರಣದಮ್ಮ ನೋಡಿದರು. ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು.

“ಇದು ಹರಿದಿದೆ.”

“ಹೌದಮ್ಮ, ಸೋಮವಾರ ಕೊಂಡಾಗ ನಾನೇ ಹರಿದಿದ್ದು. ಕೈತಪ್ಪು. ಅಭ್ಯಾಸ ಬಲ.”

“ನೀವೇ ಹರಿದಿದ್ದು ಅಂತ ಹೇಳ್ದೇನೇ ಗೊತ್ತಾಗುತ್ತೆ. ಓರೆಯಾಗಿ ಹರಿದಿರೋದು ನಾಲ್ಕನೇ ಗೇಟಿಂದೇ. ಈ ಟಿಕೆಟ್ಟು ನಾಲ್ಕನೇ ಗೇಟಲ್ಲಿ ಒಳಗೆ ಹೋಗಿದೆ. ಒಳಗೆ ಹೋಗಿದ್ದಕ್ಕೆ ಬದಲಿ ಇಲ್ಲ.”

“ಆಟ ನಾಳೆ ಅಲ್ವೇನಮ್ಮ? ಇವತ್ತೇ ಹೇಗೆ ಒಳಗೆ ಹೋಗುತ್ತೆ?”

“ಅದು ನೀವು ಹೇಳ್ಬೇಕು. ಲೆಕ್ಕದ ಪ್ರಕಾರ ನಿಮ್ಮಣ್ಣ ಸೋಮವಾರದಿಂದ ಮೇಲೆ ಕೂತಿದಾರೆ.”

ಸಾಲಿನಲ್ಲಿ ಯಾರೋ, “ಪಾಪ, ಊಟನಾದ್ರೂ ಕಳಿಸಿದೀರಾ?” ಎಂದರು. ನನಗೆ ಕೋಪ ಇರುವುದೇ ಮೂಗಿನ ತುದಿಯಲ್ಲಿ. ಏನೇನು ಮಾತಾಡಿದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ, ಹೆಂಡತಿ ಓದುತ್ತಾಳೆ. ಹತ್ತೊಂಬತ್ತು ವರ್ಷ ಒಂದೇ ಕಡೆ ದುಡಿದವನ ಮುಖ ನೋಡಿಯಾದರೂ ಕೊಡಬಾರದೇ ಎಂದೆ.

“ನಿಮ್ಮ ಮುಖಕ್ಕೆ ಕೊಟ್ರೆ ನಾಳೆ ಪ್ರತಿ ಗೇಟಿನವರ ಮುಖಕ್ಕೂ ಕೊಡ್ಬೇಕಾಗುತ್ತೆ. ಆಟ ನೋಡಿದ ಟಿಕೆಟ್ಟು ತಂದು ಇನ್ನೊಂದು ಆಟಕ್ಕೆ ಬದಲಿ ಕೇಳೋರು ಬೇಕಾದಷ್ಟು ಜನ ಇದಾರೆ. ಮುಂದಿನವರು ಬನ್ನಿ.”

ಆಗಲೇ ಆ ಎರಡು ಬೆರಳಿನ ಜಿರಲೆ ಕೆಲಸ. ಮುಂದಿನವನು ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ. ಅವನದೂ ಮೇಲಿನ ಸೀಟು, ಅತ್ತೆಗೆ ಎತ್ತರ ಕಂಡರೆ ತಲೆ ಸುತ್ತುತ್ತದಂತೆ. ನನ್ನ ಕಣ್ಣೆದುರೇ ಎರಡನೇ ಸಾಲಿನ ಎರಡೂ ಸೀಟು ಅವನ ಅತ್ತೆಯ ಪಾಲಾಯಿತು. ಹೋಗುವ ಮುಂಚೆ ನಾನು ಇಣುಕಿ ನೋಡಿದೆ. ನನ್ನ ಹೆಸರಿನ ಮುಂದೆ ಕಾರಣದ ಕಾಲಂನಲ್ಲಿ ಬರೆದಿದ್ದರು: ‘ಕೈ ತಡೆಯಲಿಲ್ಲ.’ ಬದಲಿಯನ್ನೇ ಕೊಡದವರು ಕಾರಣ ಯಾಕೆ ಬರೆಯಬೇಕಿತ್ತು? ಇದನ್ನು ಹೊಡೆದುಹಾಕಿ ಎಂದು ಆಮೇಲೆ ಎಷ್ಟು ಸಲ ಕೇಳಿದೆನೋ. ಹಾಕಲಿಲ್ಲ.

ಮ್ಯಾನೇಜರ ಹತ್ತಿರ ಹೋದೆ. “ವಾಪಸಾತಿ ಆಯಮ್ಮಂದೇ, ನಾನು ಕೈ ಹಾಕಲ್ಲಪ್ಪ” ಎಂದು ಅವರು ಫೋನ್ ಎತ್ತಿಕೊಂಡರು, ಫೋನ್ ಬಂದಿರಲೂ ಇಲ್ಲ. ಮನೆಗೆ ಹೋಗಿ ಹೇಳಿದಾಗ ಅಣ್ಣ ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು, “ಬಿಡೋ. ರೇಡಿಯೋದಲ್ಲಿ ಹೇಳ್ತಾರಂತೆ” ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಆ ಗೋಡೆಗೆ ಅವನೇ ಬಣ್ಣ ಹೊಡೆದದ್ದು, ನೋಡಲು ಅದರಲ್ಲಿ ಏನೂ ಇರಲಿಲ್ಲ.

ಶನಿವಾರ ಮೂರೂವರೆಗೆ ಅಣ್ಣನನ್ನು ಬಣ್ಣದ ಡಬ್ಬಿ ಸಾಗಿಸುವ ಗೂಡ್ಸ್ ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ನಾನು ಮತ್ತು ಗಾಡಿಯವನು ಸೇರಿ ಅರವತ್ತೆರಡು ಮೆಟ್ಟಿಲು ಹೊರುವುದು ಎಂದು ಲೆಕ್ಕ. ನಾಲ್ಕನೇ ಗೇಟಿನ ಶಿಷ್ಯ ಬಿಟ್ಟೇ ಬಿಡುತ್ತಿದ್ದ. ಆದರೆ ಮೆಟ್ಟಿಲ ಬಳಿ ಕಾವಲಿನವನು ಅಡ್ಡ ನಿಂತ.

“ಹೊತ್ಕೊಂಡು ಹತ್ತಂಗಿಲ್ಲ. ಮೆಟ್ಟಿಲಲ್ಲಿ ಜನ ಇದಾರೆ. ಹೊತ್ಕೊಂಡು ಇಳಿಯೋದಾದ್ರೆ ಬೇರೆ ವಿಷ್ಯ.”

“ಇಳಿಸೋಕೆ ಮೊದ್ಲು ಹತ್ತಿಸ್ಬೇಕಲ್ಲಪ್ಪ.”

“ಅದು ನಂಗೊತ್ತಿಲ್ಲ.”

ನಾನು ಬಾಯಿ ತೆರೆದೆ. ನಾನು ಬಾಯಿ ತೆರೆದರೆ ರಸ್ತೆಯ ಆಚೆ ತುದಿಗೆ ಕೇಳುತ್ತದೆ. ವಾಪಸಾತಿ ಕಿಟಕಿ ಹತ್ತು ಹೆಜ್ಜೆ ದೂರ. ಅಣ್ಣ ಗಾಡಿಯಲ್ಲಿ ತಲೆ ತಗ್ಗಿಸಿಕೊಂಡು, “ಮನೆಗೆ ಹೋಗೋಣ ನಡಿಯೋ, ನಾಚಿಕೆ ಆಗುತ್ತೆ” ಎನ್ನುತ್ತಿದ್ದ. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು ಕಾರಣದಮ್ಮ ಹೊರಗೆ ಬಂದರು. ಆಟದ ದಿನ ಆಕೆ ಕೋಣೆ ಬಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಏನ್ರೀ ನಾಲ್ಕು, ಟಿಕೆಟ್ ಕೊಡಿ ಇಲ್ಲಿ.” ನನ್ನನ್ನು ಗೇಟಿನ ನಂಬರಿನಲ್ಲೇ ಕರೆಯುವುದು. ಕೊಟ್ಟೆ. ನೋಡಿದರು. “ಇದು ಹರಿದಿದೆ.”

“ನಿನ್ನೆನೇ ಹೇಳಿದ್ರಲ್ಲ. ಇವತ್ತು ಇನ್ನೊಂದ್ಸಲ ಹೇಳೋಕೆ ಬಂದ್ರಾ?”

“ಹರಿದಿದ್ರೆ ಏನರ್ಥ?”

“ಒಳಗೆ ಹೋಗಿದಾರೆ ಅಂತ.”

“ಯಾರು?”

“ನಮ್ಮಣ್ಣ.”

“ಮತ್ತೆ ಒಳಗಿರೋ ಮನುಷ್ಯನನ್ನ ರಸ್ತೆ ಮೇಲೆ ಯಾಕ್ರೀ ಕೂರಿಸಿದೀರಿ? ಕರ್ಕೊಂಡು ಬನ್ನಿ.”

ಕಾವಲಿನವನು, ಕೌಂಟರ್ ಕೋಣೆಗೆ ಹೊರಗಿನವರನ್ನು ಬಿಡುವಂತಿಲ್ಲ ಎಂದು ರಾಗ ಎಳೆದ. “ಹೊರಗಿನವರಲ್ಲ ಇವರು, ಸೋಮವಾರದಿಂದ ಒಳಗಿದಾರೆ. ಒಳಗಿರೋರನ್ನ ಹೊರಗೆ ಹಾಕೋ ಅಧಿಕಾರ ನಂಗಿಲ್ಲ, ನಿಂಗಿದ್ರೆ ಹಾಕು” ಎಂದು ಆಕೆ ಬಾಗಿಲು ಹಿಡಿದು ನಿಂತರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ಮೂರು ಕಾಲಿನ ಮೊಲದ ಮೇಲೆ ಇನ್ನೊಬ್ಬರನ್ನು ಕೂರಿಸಿ ಊರು ಸುತ್ತಿಸಿದವರನ್ನು ಕಂಡದ್ದು ಅವತ್ತೇ.

ಒಳಗೆ ತನ್ನ ಎತ್ತರದ ಸ್ಟೂಲನ್ನು ಹಿಂದಿನ ಗೋಡೆಗೆ ಎಳೆದರು. ಗಾಳಿಕಿಂಡಿಯ ರಟ್ಟನ್ನು ಕತ್ತರಿಯಿಂದ ಮೀಟಿ ಕಿತ್ತರು. ಅಣ್ಣ ಕೂತ, ಕಾಲನ್ನು ಹರಿದ ಮೂಲೆಗಳ ಡಬ್ಬದ ಮೇಲೆ ಇಟ್ಟುಕೊಂಡ. ಆ ಡಬ್ಬದಲ್ಲಿ ಅರ್ಧಕ್ಕರ್ಧ ನಾನು ಹರಿದದ್ದೇ. ಕಿಂಡಿಗೆ ಕಣ್ಣಿಟ್ಟ.

“ಏನ್ ಕಾಣುತ್ತಣ್ಣ?”

“ಹುಲ್ಲು. ಬಲೆ. ಯಾರದೋ ಕಾಲು.” ಆಮೇಲೆ, “ನಮ್ಮವಳು ಆ ಕಡೆ ಗೋಲಲ್ಲಿದಾಳೆ. ಬೆಂಕಿಕಡ್ಡಿಯಷ್ಟು ಕಾಣ್ತಾಳೆ” ಎಂದ.

ಕಿಂಡಿಯಲ್ಲಿ ಒಂದೇ ತಲೆ ಹಿಡಿಯುತ್ತದೆ. ನನ್ನ ಟಿಕೆಟ್ಟಿಗೆ ಮೇಲೆ ಸೀಟಿತ್ತು, ನಾನು ಹೋಗಲಿಲ್ಲ. ಕಿಟಕಿ ಆಟ ಶುರುವಾದ ಮೇಲೂ ತೆರೆದಿರಬೇಕು, ತಡವಾಗಿ ಬಂದು ಜಗಳ ಮಾಡುವವರಿಗಾಗಿ. ಹಾಗಾಗಿ ಕಾರಣದಮ್ಮ ನಿಂತೇ ಇದ್ದರು. ಅಣ್ಣನ ಬೆನ್ನು ನೋಡುತ್ತ ನಾವಿಬ್ಬರೂ ಆಟ ಕೇಳಿದೆವು. “ಇದು ಕಾರ್ನರ್ರು. ಇದು ಸುಮ್ನೆ ಬೈಯೋದು. ಇದು ಯಾರಿಗೋ ಪೆಟ್ಟಾಗಿ ಎದ್ದಿದ್ದು” ಎಂದು ಆಕೆ ಪಾಠ ಮಾಡಿದರು. ನನಗೂ ಅಷ್ಟಿಷ್ಟು ಗೊತ್ತಾಗತೊಡಗಿತು.

ಅರ್ಧ ಆಟವಾದ ಮೇಲೆ ತಂಡಗಳು ಬದಿ ಬದಲಿಸಿದವು. ಅಣ್ಣನ ಬೆನ್ನು ನೆಟ್ಟಗಾಯಿತು. “ಬಂದ್ಲು” ಎಂದ. ಅವಳ ಬೂಟು ಬೇರೆಯವರದರ ಜೊತೆ ಕಲಸಿಹೋಗಬಾರದೆಂದು ಹಿಮ್ಮಡಿಗೆ ಅಣ್ಣನೇ ಹಳದಿ ಬಣ್ಣ ಹಚ್ಚಿದ್ದ. ಆ ಎರಡು ಹಳದಿ ಹಿಮ್ಮಡಿ ಈಗ ಅವನ ಮೂಗಿನಿಂದ ನಾಲ್ಕು ಮಾರು ದೂರದಲ್ಲಿದ್ದವು. ಮೇಲೆ ಎಂಟು ಸಾವಿರ ಜನ ಅವಳ ಮುಖ ನೋಡುತ್ತಿದ್ದರು. ಹಿಮ್ಮಡಿ ನೋಡಿದವನು ನಮ್ಮಣ್ಣ ಒಬ್ಬನೇ. “ಬಲಗಾಲು ಮುಂದಿಡ್ತಿದಾಳೆ, ಹೇಳ್ಕೊಟ್ಟಿದ್ದು ನೆನಪಿದೆ” ಎಂದ. “ಹಿಡಿದ್ಲು.” ಸ್ವಲ್ಪ ಹೊತ್ತಿಗೆ ಮತ್ತೆ, “ಹಿಡಿದ್ಲು.” ನಮ್ಮವರ ಗೋಲಿಲ್ಲದೆಯೇ ಸುಣ್ಣ ಉದುರಿತು. ಕಾರಣದಮ್ಮ ಲೋಟವನ್ನು ಅಂಗೈಯಿಂದ ಮುಚ್ಚಿಕೊಂಡರು.

ಇನ್ನು ಎಂಟು ನಿಮಿಷ ಇರುವಾಗ ಸದ್ದು ನಿಂತುಹೋಯಿತು. ಪೂರ್ತಿ. ಕಾರಣದಮ್ಮ ಚಾವಣಿ ನೋಡಿದರು, ನನ್ನನ್ನು ನೋಡಿದರು. ಮೂವತ್ತು ವರ್ಷದಲ್ಲಿ ಆಕೆಗೆ ಅರ್ಥವಾಗದ ಸದ್ದು ಬಹುಶಃ ಅದೊಂದೇ.

“ಪೆನಾಲ್ಟಿ” ಎಂದು ಹೇಳಿ ಅಣ್ಣ ಕಿಂಡಿಯಿಂದ ಮುಖ ತೆಗೆದ. ನಾನು ಮುಂದಕ್ಕೆ ಹೋದೆ, ಅವನು ಕೈಯಿಂದ ತಡೆದ. “ನೀನು ಬೇಡ, ನೀನು ಕಿರುಚ್ತೀಯ. ಅಕ್ಕ, ನೀವು ನೋಡಿ ಹೇಳಿ. ನನ್ನಿಂದಾಗಲ್ಲ.”

ಕಾರಣದಮ್ಮ ಕಿಟಕಿ ಕಡೆ ಒಮ್ಮೆ ನೋಡಿದರು. ಸಾಲಿನಲ್ಲಿ ಯಾರೂ ಇರಲಿಲ್ಲ. ಕನ್ನಡಕ ಒರೆಸಿಕೊಂಡು, ಬಾಗಿ, ಕಿಂಡಿಗೆ ಮುಖ ಇಟ್ಟರು. ಅಣ್ಣ ಕಣ್ಣು ಮುಚ್ಚಿಕೊಂಡ. ಸೀಟಿ ಕೇಳಿತು, ಒದ್ದ ಸದ್ದು ಕೇಳಿತು, ಆಮೇಲೆ ಮೇಲೆ ಸಾವಿರಾರು ಜನ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿತು. ಅಷ್ಟು ಹೊತ್ತಿಗೆ ನನಗೂ ಕೇಳಿಸಿಕೊಳ್ಳಲು ಬರುತ್ತಿತ್ತು.

ಆಕೆ ತಿರುಗಿದರು. “ಹೋಯ್ತು” ಎಂದರು, ನನಗೆ ಬದಲಿ ಇಲ್ಲ ಎಂದ ಅದೇ ದನಿಯಲ್ಲಿ. ಅಣ್ಣ ಕಣ್ಣು ತೆರೆಯಲೇ ಇಲ್ಲ. ಆಕೆ ಅವನ ಮುಖ ನೋಡಿ, “ಆದ್ರೆ ಕೈ ತಾಗಿತ್ತು. ಬೆರಳ ತುದಿ ತಾಗಿ ಹೋಯ್ತು. ನಾನು ನೋಡ್ದೆ” ಎಂದರು.

ಆ ಒಂದು ಗೋಲಿನಿಂದ ಸೋತರು. ಅಣ್ಣ ಮಾತ್ರ ಗೆದ್ದವನ ಹಾಗೆ ಗಾಡಿ ಹತ್ತಿದ. ಪ್ಲಾಸ್ಟರ್ ಬಿಚ್ಚುವ ತನಕ ನೋಡಲು ಬಂದವರಿಗೆಲ್ಲ ಅದೇ ಕಥೆ. “ಕೈ ತಾಗಿತ್ತು. ಮೇಲಿದ್ದೋರಿಗೆ ಕಾಣಲಿಲ್ಲ ಅಷ್ಟೆ. ಬೆರಳ ತುದಿ ತಾಗಿ ಹೋಯ್ತು ಅಂತ ಅವರೇ ಹೇಳಿದ್ರು, ನಾಲ್ಕು ಮಾರಿಂದ ನೋಡಿದೋರು.”

ವಾರ ಕಳೆದ ಮೇಲೆ ಹುಡುಗಿಯನ್ನು ಒಬ್ಬಳೇ ಇದ್ದಾಗ ಕೇಳಿದೆ.

“ಎಲ್ಲಿ ಚಿಕ್ಕಪ್ಪ,” ಎಂದು ನಕ್ಕಳು, “ನಾನು ಎಡಕ್ಕೆ ಹಾರಿದ್ದೆ, ಚೆಂಡು ಬಲಕ್ಕೆ ಹೋಯ್ತು. ಬೆರಳಲ್ಲ, ಅದರ ಗಾಳಿನೂ ತಾಗ್ಲಿಲ್ಲ. ಅಪ್ಪ ಹೇಳ್ಕೊಂಡು ತಿರುಗ್ತಿದಾರೆ, ನಾನು ಸುಮ್ನಿದೀನಿ.”

ಕಾರಣದಮ್ಮ ಸುಳ್ಳು ಹೇಳುವುದೇ? ಸತ್ತ ಅಜ್ಜಿಯರನ್ನೂ ಲೆಕ್ಕ ಇಟ್ಟವರು, ನನ್ನ ಹರಕು ಮೂಲೆಯನ್ನು ಕ್ಷಮಿಸದವರು. ಆ ಮಳೆಗಾಲಕ್ಕೆ ಮುಂಚೆ ಆಕೆ ನಿವೃತ್ತರಾದರು. ಕೊನೆಯ ದಿನ ಬೀರುವಿನ ಬೀಗದ ಕೈ ಒಪ್ಪಿಸುತ್ತಿದ್ದಾಗ ಹೋಗಿ ಕೇಳಿಯೇ ಬಿಟ್ಟೆ.

“ಅಮ್ಮ, ಅವತ್ತು ಕೈ ತಾಗಿತ್ತಾ?”

“ನಾನು ಅದನ್ನ ಪುಸ್ತಕದಲ್ಲಿ ಬರ್ದಿದೀನಾ?”

“ಇಲ್ಲ.”

“ಮತ್ತೆ?” ಎಂದು ಕೆಟಲು ತೊಳೆಯಲು ಹೋದರು.

ಸಾಲ ಇಟ್ಟುಕೊಳ್ಳುವುದು ನನಗಾಗುವುದಿಲ್ಲ. ನೆಟ್ಟಗೆ ಕೂತು ಒಂದು ಪೂರ್ತಿ ಆಟವನ್ನು ಕಣ್ತುಂಬ ನೋಡಲಿ ಎಂದು ಕೆಳಗಿನ ಗ್ಯಾಲರಿಯ ಎರಡನೇ ಸಾಲಿನ ಟಿಕೆಟ್ ಕೊಂಡೆ. ಕೊಳ್ಳುವಾಗ ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಆಕೆ ತಂಗಿಯ ಮನೆಯಲ್ಲಿದ್ದಾರೆ, ಅಲ್ಲಿಗೇ ಹೋಗಿ ಕೊಟ್ಟೆ. ಮೂಲೆ ತಿರುಗಿಸಿ ನೋಡಿ, “ಪೂರ್ತಿ ಇದೆ” ಎಂದು ತೆಗೆದುಕೊಂಡರು.

ಬರಲಿಲ್ಲ. ಹಿಂದಿನ ದಿನ ಐದೂವರೆಗೆ, ಇನ್ನೂ ಅರ್ಧ ಗಂಟೆ ಉಳಿದಿರುವಾಗ, ಕಿಟಕಿಗೆ ಬಂದು ಮುಂದಿನ ಆಟಕ್ಕೆ ಬದಲಿ ಮಾಡಿಸಿಕೊಂಡು ಹೋಗಿದ್ದರು. ದುಡ್ಡು ವಾಪಸ್ ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅದನ್ನೂ ಕೇಳಲಿಲ್ಲ. ಮುಂದಿನ ಆಟಕ್ಕೂ ಹಾಗೆಯೇ. ಎರಡು ವರ್ಷವಾಯಿತು, ಅದೇ ಒಂದು ಟಿಕೆಟ್ ಒಂದು ಆಟದಿಂದ ಇನ್ನೊಂದಕ್ಕೆ ದಾಟುತ್ತಲೇ ಇದೆ. ಇಷ್ಟಕ್ಕೆಲ್ಲ ಕಾರಣ ಏನು ಎಂದು ಹೊಸ ಗುಮಾಸ್ತೆಯ ಪುಸ್ತಕ ತೆಗೆಸಿ ನೋಡಿದೆ. ಎಲ್ಲ ಕಡೆ ‘ವೈಯಕ್ತಿಕ’.

“ಏನಮ್ಮ ಇದು? ಅವರು ಹೇಳಿದ್ದು ಏನು?”

“ಏನೋ ಹೇಳಿದ್ರು, ಉದ್ದ ಇತ್ತು. ಕಾಲಂನಲ್ಲಿ ಹಿಡಿಸ್ಲಿಲ್ಲ.”

ನಾನು ಬಾಯಿ ತೆರೆದೆ. ರಸ್ತೆಯ ಆಚೆ ತುದಿಗೆ ಕೇಳಿಸಿತಂತೆ.

ಈಗ ಆ ಟಿಕೆಟ್ ಬರುವ ತಿಂಗಳ ಹದಿನಾಲ್ಕಕ್ಕೆ ಇದೆ, ನಾಲ್ಕನೇ ಗೇಟು. ನಾನು ಅಲ್ಲೇ ಇರುತ್ತೇನೆ. ಆ ಮೂಲೆ ಇನ್ನೂ ಹರಿದಿಲ್ಲ.